ಶಾಲಿಗೂ ಶ್ಯಾವಿಗೆಗೂ ನಡುವೆ ಅಕ್ಕ

ಈ ಬೇಸಿಗೆಯಲ್ಲಿ ನನ್ನ ಫೋನು ಬೆಳಗಿನ ಹೊತ್ತು ಸುಮ್ಮನೆ ಬಿದ್ದಿರುತ್ತದೆ. ಕೆಟ್ಟಿರಬೇಕೆಂದು ರಿಪೇರಿ ಅಂಗಡಿಗೂ ಒಯ್ದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಫೋನು ಸರಿಯಾಗೇ ಅದೆ ಕಣ್ಲಾ, ನಿಂಗೇ ಏನೋ ಆಗದೆ” ಅಂದ. ಫೋನಿನ ಡಾಕ್ಟರಾದರೂ ಕಾಯಿಲೆಯನ್ನು ಸರಿಯಾಗಿಯೇ ಹಿಡಿದಿದ್ದ. ಹೋದ ವರ್ಷದವರೆಗೂ ಏಪ್ರಿಲ್ ಬಂತೆಂದರೆ ಹಾಲಿನವನಿಗಿಂತ ಮೊದಲು ಅಕ್ಕನ ವಾಯ್ಸ್ ಮೆಸೇಜು ಬರುತ್ತಿತ್ತು. “ಎದ್ದೇನ್ಲಾ? ಬೇಸ್ಗೆ ಓಯ್ತಾ ಅದೆ.” ಬೇಸಿಗೆ ಅನ್ನುವುದು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಹಾರನ್ ಹೊಡೆಯುತ್ತ ನಿಂತಿರುವ ಬಸ್ಸು, ನಾನೊಬ್ಬ ಹತ್ತುವುದು ಬಾಕಿ ಅನ್ನುವ ಹಾಗೆ.

ಅಕ್ಕ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಸಣ್ಣ ಜ್ವರ ಅಂದರು, ದೊಡ್ಡದಾಯಿತು. ನೋಡಲು ಹೋದಾಗ ಚಾಪೆಯ ಮೇಲೆ ಮಲಗಿಸಿದ್ದರು. ಒಂದೇ ಗೋಡೆಯ ಆಚೆ ಅವರು, ಈಚೆ ನಾನು, ಅಷ್ಟು ವರ್ಷ ಅಂಗಡಿ ನಡೆಸಿದ್ದೆವು. ಅವರು ಅಲುಗಾಡದೆ ಇದ್ದದ್ದನ್ನು ನಾನು ನೋಡಿದ್ದು ಅದು ಎರಡನೇ ಸಲ. ಮೊದಲನೇ ಸಲದ್ದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳೇ. ಎರಡು ಸಾಲಿಗೊಮ್ಮೆ ಎದ್ದು ರಸ್ತೆ ನೋಡಿ ಬರುತ್ತಿದ್ದೇನೆ.

ಅವರದು ಟೈಲರ್ ಅಂಗಡಿ, ನನ್ನದು ಜೆರಾಕ್ಸ್ ಅಂಗಡಿ. ನಮಗೆ ಯಾವ ನೆಂಟಸ್ತಿಕೆಯೂ ಇಲ್ಲ. ಇಡೀ ಬೀದಿ ಅವರನ್ನು ಅಕ್ಕ ಅನ್ನುತ್ತಿತ್ತು, ಅವರಿಗಿಂತ ಹತ್ತಾರು ವರ್ಷ ದೊಡ್ಡವರೂ ಸೇರಿ. ಟೈಲರಾದವರು ಕೂರಬೇಕು. ಇವರು ಕೂರುತ್ತಿದ್ದರು, ಆದರೆ ಕಾಲು ಮೆಷಿನ್ ತುಳಿಯುವಾಗ ಕಣ್ಣು ರಸ್ತೆಯಲ್ಲಿ, ಕಿವಿ ಬಸ್ಸಿನಿಂದ ಇಳಿದವರ ಮಾತಿನಲ್ಲಿ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸಿನ ತೋಳಿಗೆ ಟೇಪು ಸುತ್ತುತ್ತಲೇ, “ಮಿರ್ಲೆಯಿಂದ ಬಂದ್ರಾ? ಅಲ್ಲೇನು ವಿಸ್ಯ?” ಎಂದು ಶುರುಮಾಡುತ್ತಿದ್ದರು. ಆಕೆ ಹೋಗುವಷ್ಟರಲ್ಲಿ ಮಿರ್ಲೆಯಲ್ಲಿ ಭಾನುವಾರ ಲಗೋರಿ ಪಂದ್ಯ, ಯಾರ ಮನೆಯಲ್ಲಿ ಸೋಬಾನೆ ಹಾಡುವ ಅಜ್ಜಿ ಬಂದಿದ್ದಾರೆ, ಯಾವ ತೋಟದ ಹಲಸು ಹಣ್ಣಾಗಿದೆ, ನಾಲೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ, ಎಲ್ಲ ಗೊತ್ತಾಗಿರುತ್ತಿತ್ತು. ಅಳತೆ ಮಾತ್ರ ಮರೆತಿರುತ್ತಿತ್ತು.

ಈ ಸುದ್ದಿಯೆಲ್ಲ ಸೇರುತ್ತಿದ್ದದ್ದು ಒಂದು ವಾಟ್ಸಾಪ್ ಗ್ರೂಪಿಗೆ. ನಾಲ್ಕು ತಾಲ್ಲೂಕಿನ ಜನ ಅದರಲ್ಲಿದ್ದರು. ಅಕ್ಕ ಮಾತಾಡಿ ಕಳಿಸುವುದು, ಅದನ್ನು ನಾನು ಅಕ್ಷರ ಮಾಡಿ ಹಾಕುವುದು. ಅವರ ಮೆಸೇಜುಗಳು ಇನ್ನೂ ಫೋನಿನಲ್ಲಿವೆ. “ಭೇರ್ಯದಲ್ಲಿ ಇವತ್ತು ಸಂಜೆ ನಾಟಕದ ಪ್ರಾಕ್ಟೀಸದೆ. ನಾಟಕಕ್ಕಿಂತ ಪ್ರಾಕ್ಟೀಸೇ ಚೆಂದ ಕಣ್ರಪ್ಪ, ರಾಜನೂ ಮಂತ್ರಿನೂ ಲುಂಗೀಲಿರ್ತಾರೆ. ರಾಜಂಗೆ ಮಾತು ಮರ್ತೋಯ್ತದೆ, ನಗ್ಬೇಡಿ. ಪಕ್ಕದಲ್ಲೇ ಮೆಣಸಿನಕಾಯಿ ಬಜ್ಜಿ ಆಕ್ತಾರೆ, ತಿನ್ಬೋದು.” ಇನ್ನೊಂದು: “ಸರಗೂರಲ್ಲಿ ಒಬ್ಬ ಕೊಳಲು ಮಾರ್ತಾವ್ನೆ. ಮಾರೋದ್ಕಿಂತ ಊದೋದೇ ಚೆನ್ನಾಗದೆ. ಬೇಗ ಓಗಿ, ಎಲ್ಲಾ ಮಾರೋದ್ರೆ ಊದಾಕೆ ಒಂದೂ ಇರಕಿಲ್ಲ.”

ಬೇಸಿಗೆಯಲ್ಲಿ ಅವರಿಗೆ ಬಟ್ಟೆ ಕೊಟ್ಟವರು ಪಶ್ಚಾತ್ತಾಪ ಪಡುತ್ತಿದ್ದರು. ಒಬ್ಬ ಮದುಮಗಳ ತಾಯಿ ಬಂದು ಬಾಗಿಲಲ್ಲಿ ನಿಂತು, “ಅಕ್ಕ, ಶುಕ್ರವಾರ ಮದ್ವೆ” ಅಂದರು.

“ಗೊತ್ತು ಕಣವ್ವ. ನಾನೂ ಮದ್ವೆಗೆ ಬತ್ತೀನಲ್ಲ, ಬರುವಾಗ ತತ್ತೀನಿ.”

ತಂದರು. ಛತ್ರದ ಹಿಂಬಾಗಿಲಲ್ಲಿ ನಿಂತು ಹುಕ್ಕು ಹೊಲಿದರು. ಮುಹೂರ್ತ ಮೀರಲಿಲ್ಲ, ನನ್ನ ಬೆವರು ಮಾತ್ರ ಆರಲಿಲ್ಲ, ಏಕೆಂದರೆ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದಾಗಿತ್ತು. ನಾನು ದಾರ ಪೋಣಿಸಿದ್ದರಲ್ಲಿ ಅರ್ಧ ಸೂಜಿಗೆ, ಅರ್ಧ ಬೆರಳಿಗೆ.

ನನ್ನ ಯೋಗ್ಯತೆಯ ಬಗ್ಗೆ ಇನ್ನೂ ಅನುಮಾನವಿದ್ದರೆ ಮಿರ್ಲೆಯ ಲಗೋರಿ ಕೇಳಿ. ಭಾನುವಾರ ಎಂದು ಅಕ್ಕ ಸ್ಪಷ್ಟವಾಗಿ ಹೇಳಿದ್ದರು. ನಾನು ಶನಿವಾರ ಎಂದು ಹಾಕಿದೆ. ಒಂದು ಟೆಂಪೊ ತುಂಬ ಜನ ಹೋದರು, ಅಕ್ಕನೂ ಅದರಲ್ಲಿದ್ದರು. ಮೈದಾನದಲ್ಲಿ ಎಮ್ಮೆಗಳನ್ನು ಬಿಟ್ಟರೆ ಅವನ್ನು ಮೇಯಿಸುವ ಒಬ್ಬ ಮನುಷ್ಯ. ಫೋನು ಬಂತು.

“ಎಲ್ಲಿದ್ದೀಯ್ಲಾ?”

“ಅಂಗ್ಡೀಲಿ ಅಕ್ಕ.”

“ಬಾ ಇಲ್ಲಿಗೆ. ಎಮ್ಮೆಗಳು ಅಂಪೈರ್‌ನ ಕಾಯ್ತಾವೆ.”

ಬೈದದ್ದು ಅಷ್ಟೇ. ಆಮೇಲೆ ಆ ಎಮ್ಮೆ ಮೇಯಿಸುವವನನ್ನೇ ಹಿಡಿದು ಎರಡು ಗುಂಪು ಮಾಡಿ ಕತ್ತಲಾಗುವ ತನಕ ಆಡಿಸಿದರಂತೆ. ಅವನ ಗುರಿ ಎಷ್ಟು ಚೆನ್ನಾಗಿತ್ತೆಂದರೆ ಮಾರನೆಯ ದಿನದ ನಿಜವಾದ ಪಂದ್ಯಕ್ಕೆ ಹುಣಸೂರಿನವರು ಅವನನ್ನೇ ನಮ್ಮ ಊರಿನವನೆಂದು ಸುಳ್ಳು ಹೇಳಿ ಸೇರಿಸಿಕೊಂಡರು.

ಇಷ್ಟೆಲ್ಲ ಓಡಾಡುವವರಿಗೆ ಒಂದು ವಿಷಯ ಮಾತ್ರ ಒಳಗೇ ಕೊರೆಯುತ್ತಿತ್ತು. ಎಚ್.ಡಿ. ಕೋಟೆಯ ಕಾಡಿನಂಚಿನ ಒಂದು ಹಾಡಿಯಲ್ಲಿ, ಅಂದರೆ ಗಿರಿಜನರ ಕೇರಿಯಲ್ಲಿ, ಜಾಜಮ್ಮ ಅನ್ನುವವರಿದ್ದಾರೆ. ಅಲ್ಲಿನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಹಾಡುತ್ತಾರೆ, ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಮಡಿಲಲ್ಲಿಟ್ಟು ತಾಳ ಹಾಕುತ್ತಾರೆ. ಯಾವುದೋ ಊರಿನ ಬೇಸಿಗೆ ಉತ್ಸವಕ್ಕೆ ಅವರನ್ನು ಕರೆಸಿದ್ದರು. ಅಕ್ಕನೂ ನೋಡಲು ಹೋಗಿದ್ದರು. ಭಾಷಣ, ಸನ್ಮಾನ, ಮತ್ತೆ ಭಾಷಣ. ಅವರ ಹಾಡಿಗೆ ವಾಪಸು ಹೋಗುವ ದಾರಿಯಲ್ಲಿ ಕಾಡಿನ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ. ಆಮೇಲೆ ಗೇಟಿನವರು ಬಿಡುವುದಿಲ್ಲ, ಅವರು ಬಿಟ್ಟರೂ ಆನೆ ಬಿಡುವುದಿಲ್ಲ. ಹೊತ್ತಾಯಿತೆಂದು ಜಾಜಮ್ಮನವರು ಹಾಡದೇ ಜೀಪು ಹತ್ತಿದರು. ಹತ್ತುವಾಗ ಜಾಜಮ್ಮ ಅಕ್ಕನಿಗೆ ಹೇಳಿದ್ದು ಇಷ್ಟು: “ಕರೀತೀರಿ, ಉಪ್ಪಿಟ್ಟಾಕ್ತೀರಿ, ಕಳುಸ್ತೀರಿ. ಹಾಡ್ ಯಾವಾಗ್ಲವ್ವ ಕೇಳೋದು ನೀವು?”

ಅಕ್ಕ ಅದನ್ನು ತಿಂಗಳುಗಟ್ಟಲೆ ಹೇಳಿದರು. ಮೆಷಿನ್ ತುಳಿಯುತ್ತ ಹೇಳಿದರು, ಕತ್ತರಿ ಹಿಡಿದು ಹೇಳಿದರು, ಪಕ್ಕದ ಗೋಡೆ ಬಡಿದು ನನ್ನನ್ನು ಕರೆದು ಹೇಳಿದರು. “ಉಪ್ಪಿಟ್ಟಾಕ್ತೀರಿ ಅಂದ್ಲು ಕಣ್ಲಾ.” ಕೊನೆಗೆ ಒಂದು ದಿನ ಜಾಜಮ್ಮನ ಹಾಡಿಗೇ ಹೋಗಿ, ಬರುವ ಬೇಸಿಗೆಗೆ ಹುಣಸೂರಿನಲ್ಲಿ ನಾಲ್ಕೂ ತಾಲ್ಲೂಕಿನವರು ಸೇರಿ ಒಂದು ಮಧ್ಯಾಹ್ನ ಕಾರ್ಯಕ್ರಮ ಮಾಡೋಣ, ಮೊದಲು ನಿಮ್ಮದೇ ಹಾಡು, ಹಾಡಿಸಿಯೇ ಕಳಿಸೋದು ಎಂದು ಮಾತು ಕೊಟ್ಟು ಬಂದರು. ಜಾಜಮ್ಮ, “ಈ ಸಲನೂ ಅಂಗೇ ಆದ್ರೆ ಇನ್ಮೇಲೆ ಕರೀಬ್ಯಾಡ ಕಣಕ್ಕ” ಅಂದರಂತೆ.

ಮಾಡುವುದೇನೋ ಸರಿ, ಶಾಮಿಯಾನ ಬೇಕು, ಕುರ್ಚಿ ಬೇಕು, ಅಕ್ಕಿ ಶ್ಯಾವಿಗೆಗೆ ಅಕ್ಕಿ ಬೇಕು, ಕಾಯಿಹಾಲಿಗೆ ತೆಂಗಿನಕಾಯಿ ಬೇಕು, ಪಿರಿಯಾಪಟ್ಟಣದ ಕೋಲಾಟದವರು ಬರಲು ಟೆಂಪೊ ಬೇಕು. ಅಕ್ಕ ಮನೆಮನೆ ಹತ್ತಿಳಿದರು. ಎಲ್ಲರೂ ಒಪ್ಪಿದರು, ಒಬ್ಬರೂ ದುಡ್ಡು ಕೇಳಲಿಲ್ಲ. ಮುಖ ಮಾತ್ರ ಸ್ವಲ್ಪ ಸಪ್ಪಗಾಗುತ್ತಿತ್ತು. ಅದು ಯಾಕೆಂದು ಅಕ್ಕನಿಗೆ ಗೊತ್ತು. “ನಿಮ್ಗೊಂದು ಶಾಲು” ಅನ್ನುತ್ತಿದ್ದರು. ಮುಖ ಅರಳುತ್ತಿತ್ತು. ನಮ್ಮ ಕಡೆ ದುಡ್ಡು ಬೇಡ ಅನ್ನುವವರು ಸಿಗುತ್ತಾರೆ, ಶಾಲು ಬೇಡ ಅನ್ನುವವರು ಸಿಗುವುದಿಲ್ಲ. ಹಾಗೆ ಮನೆಗೊಂದು ಶಾಲು ಹಂಚುತ್ತ ಬಂದು, ಎಷ್ಟು ಜನಕ್ಕೆ ಹೇಳಿದ್ದೇನೆ ಅನ್ನುವುದು ಅವರಿಗೇ ತಪ್ಪಿಹೋಗಿತ್ತು.

ನಿರೂಪಣೆ ನನಗೆ ವಹಿಸಿದರು. ಯಾಕೆಂದು ಕೇಳಿದ್ದಕ್ಕೆ, “ನೀನು ಮೈಕ್ ಮುಂದೆ ನಿಂತ್ರೆ ಬ್ಯಾರೆ ಎಲ್ಲೂ ಕೆಡುಸಾಕೆ ಆಗಕಿಲ್ಲ, ಅದ್ಕೆ” ಅಂದರು.

ಹೊಳೆ ದಡದ ತೋಪಿನಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಜಾಜಮ್ಮನ ಗುಂಪು ಎಲ್ಲರಿಗಿಂತ ಮೊದಲೇ ಬಂದು ಒಂದು ಮರದಡಿ ಕೂತಿತ್ತು. ಮೂರಕ್ಕೆ ಅವರ ಹಾಡು, ನಾಲ್ಕೂವರೆಗೆ ಜೀಪು ಹೊರಟರೆ ಗೇಟು ಸಿಕ್ಕುತ್ತದೆ ಎಂಬ ಲೆಕ್ಕ. ತೋಪಿನ ಯಜಮಾನರೇ ಮುಖ್ಯ ಅತಿಥಿ. ಜಾಗ ಅವರದು, ಅವರು ದೀಪ ಹಚ್ಚದೆ ಶುರುಮಾಡುವಂತಿಲ್ಲ. ಅವರು ಬಂದದ್ದು ಒಂದು ಮದುವೆ ಊಟ ಮುಗಿಸಿ, ನಾಲ್ಕಕ್ಕೆ ಸ್ವಲ್ಪ ಮುಂಚೆ.

ದೀಪ ಹಚ್ಚಿದರು. ಗಾಳಿಗೆ ಆರಿತು. ಮತ್ತೆ ಹಚ್ಚಿದರು. ಫೋಟೋಗ್ರಾಫರು ಮೊದಲನೇದು ಸಿಕ್ಕಿಲ್ಲ ಅಂದ. ಆರಿಸಿ ಹಚ್ಚಿದರು. ಅಕ್ಕ ವೇದಿಕೆಯ ಪಕ್ಕದಿಂದ ನನಗೆ ಕೈಸನ್ನೆ ಮಾಡುತ್ತಿದ್ದರು, ಜಾಜಮ್ಮನ್ನ ಕರಿ, ಜಾಜಮ್ಮನ್ನ ಕರಿ ಎಂದು. ನಾನು ಮೈಕಿಗೆ ಬಾಯಿಡುವಷ್ಟರಲ್ಲಿ ಯಜಮಾನರು, “ಏಯ್ ತಮ್ಮಾ, ಮೊದ್ಲು ಸನ್ಮಾನ ಮುಗ್ಸು. ನಾನು ಇನ್ನೊಂದ್ ಮದ್ವೆಗೋಗ್ಬೇಕು” ಅಂದರು. ಶಾಲು ಹೊದಿಸುವ ಕೈ ಅವರದು. ಅವರು ಹೊರಟುಬಿಟ್ಟರೆ ಶಾಲು ಯಾರು ಹೊದಿಸಿದರೂ ಅದು ಬರೀ ಬಟ್ಟೆ.

ನಾನು ಅಕ್ಕನ ಮುಖ ನೋಡಿದೆ. ಆ ಮುಖದಲ್ಲಿ ಒಂದು ಕಡೆ ಜಾಜಮ್ಮ ಇದ್ದರು, ಇನ್ನೊಂದು ಕಡೆ ಆ ಶಾಲಿನವರೆಲ್ಲ ಇದ್ದರು.

ಸನ್ಮಾನ ಶುರುವಾಯಿತು. ಪೇಟ, ಹಾರ, ಶಾಲು, ಫೋಟೋ, ಆಮೇಲೆ ‘ಎರಡು ಮಾತು’. ಶಾಮಿಯಾನದವರು ತಮ್ಮ ತಾತನ ಕಾಲದ ಶಾಮಿಯಾನದಿಂದ ಹಿಡಿದರು. ಕೆಳಗಿನಿಂದ ಚೀಟಿಗಳು ಬರತೊಡಗಿದವು, ಇವರ ಹೆಸರು ಬಿಟ್ಟಿದೆ, ಅವರ ಹೆಸರು ಬಿಟ್ಟಿದೆ ಎಂದು. ಗಾಬರಿಯಲ್ಲಿ ನಾನು ಕುರ್ಚಿ ಕೊಟ್ಟವರನ್ನು ಎರಡು ಸಲ ಕರೆದೆ. ಅವರು ಎರಡನೇ ಸಲವೂ ಅಷ್ಟೇ ನಾಚಿಕೆಯಿಂದ ಎದ್ದು ಬಂದು ಇನ್ನೊಂದು ಶಾಲು ಹೊದ್ದರು, ಎರಡು ಮಾತೂ ಬೇರೆಯೇ ಆಡಿದರು. ಮರದಡಿ ಜೀಪಿನ ಡ್ರೈವರು ಗಡಿಯಾರ ನೋಡುವುದು ಬಿಟ್ಟು ನೆರಳು ನೋಡುತ್ತಿದ್ದ.

ಆಗ ಅಕ್ಕ ನನ್ನ ಕಣ್ಣಿಂದ ಮರೆಯಾದರು. ಅವರು ಮರದಡಿಗೆ ಹೋದದ್ದು, ಅಲ್ಲಿ ಆಡಿದ ಮಾತು, ಎಲ್ಲ ಆಮೇಲೆ ಜಾಜಮ್ಮ ಹೇಳಿದ್ದು.

“ಮೈಕಿಲ್ದೆ ಹಾಡ್ತೀರಾ ಜಾಜಮ್ಮ?”

“ಕಾಡಲ್ಲಿ ಯಾವ್ ಮೈಕದೆ?”

“ಸ್ಟೇಜ್ ಮ್ಯಾಲೆ ಹಾಡುಸ್ತೀನಿ ಅಂದಿದ್ದೆ. ಅದು ಉಳೀನಿಲ್ಲ.”

“ಸ್ಟೇಜ್ನ ನಾನೇನ್ ಮಾಡ್ಲವ್ವ. ಕೇಳೋರ್ ಬೇಕು.”

“ಕೇಳೋರ್ನ ನಾನ್ ಕಳುಸ್ತೀನಿ. ಎದ್ದೇಳಿ.”

ವೇದಿಕೆಯ ಹಿಂದಿನ ಪರದೆಯಾಚೆ ಶ್ಯಾವಿಗೆ ಒರಳು ಇಟ್ಟಿದ್ದರು. ಇಬ್ಬರು ಗಂಡಾಳುಗಳು ನೇತುಬಿದ್ದು ಒತ್ತಿದರೆ ಬಿಸಿ ಶ್ಯಾವಿಗೆ ಎಳೆಎಳೆಯಾಗಿ ಇಳಿಯುವ ದೊಡ್ಡ ಒರಳು. (ಬೆಳಗ್ಗೆ ನಾನೂ ಒಮ್ಮೆ ನೇತುಬಿದ್ದಿದ್ದೆ. ಶ್ಯಾವಿಗೆ ಇಳಿಯಲಿಲ್ಲ, ನಾನು ಇಳಿದೆ.) ಕಾರ್ಯಕ್ರಮ ಮುಗಿದ ಮೇಲೆ ಒತ್ತಬೇಕೆಂದಿತ್ತು. ಅಕ್ಕ ಆಗಲೇ ಒತ್ತಿ ಎಂದರು. ಜಾಜಮ್ಮನವರನ್ನು ಅದರ ಎದುರಿಗೆ ಕೂರಿಸಿದರು. ಆಮೇಲೆ ಕಟ್ಟಕಡೆಯ ಸಾಲಿನಿಂದ ಶುರುಮಾಡಿ, ಬಗ್ಗಿ, ಒಬ್ಬೊಬ್ಬರ ಕಿವಿಯಲ್ಲಿ, “ಹಿಂದ್ಗಡೆ ಶ್ಯಾವ್ಗೆ ಒತ್ತುತಾವ್ರೆ. ಹಾಡೂ ಅದೆ. ಸದ್ದು ಮಾಡ್ದೆ ಎದ್ದೋಗಿ” ಎಂದು ಹೇಳುತ್ತ ಬಂದರು.

ನಾನು ಮೇಲಿಂದ ನೋಡುತ್ತಿದ್ದೇನೆ, ಸಾಲಿಗೆ ಸಾಲೇ ಕರಗುತ್ತಿದೆ. ವೇದಿಕೆಯ ಮೇಲೆ ಕೂತ ದೊಡ್ಡವರ ಕಣ್ಣಿಗೆ ಪಡುವಣದ ಬಿಸಿಲು ಹೊಡೆಯುತ್ತಿದ್ದರಿಂದ ಅವರಿಗೆ ಮುಂದಿನ ಸಾಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಶಾಲು ಹೊದ್ದವರು ತಮ್ಮ ಫೋಟೋ ನೋಡಿಕೊಳ್ಳುತ್ತಿದ್ದರು, ಹೊದೆಯಬೇಕಾದವರು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಯಾರಾದರೊಬ್ಬರು ಹಿಂದೆ ತಿರುಗಿದರೆ ಸಾಕು, ಅವಮಾನವಾಯಿತೆಂದು ಎದ್ದುಹೋಗುತ್ತಾರೆ, ಯಜಮಾನರು ತೋಪು ಬಿಡಿಸುತ್ತಾರೆ.

ಅಷ್ಟರಲ್ಲಿ ಅಕ್ಕ ಬಂದರು. ಬಂದು, ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂತರು.

ಅವರು ಹಿಂದೆ ಹೋಗಿ ಹಾಡು ಕೇಳುತ್ತಾರೆಂದು ನಾನು ಅಂದುಕೊಂಡಿದ್ದೆ. ಒಂದು ವರ್ಷ ಆ ಹಾಡಿಗಾಗಿ ಒದ್ದಾಡಿದವರು. ಆದರೆ ಅವರು ಕೂತರು. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಕಣ್ಣು ವೇದಿಕೆಯ ಮೇಲೆ. ಅಕ್ಕಿ ಕೊಟ್ಟವರಿಗೆ ಶಾಲು ಬಿತ್ತು, ಚಪ್ಪಾಳೆ ಹೊಡೆದರು. ಇಡೀ ತೋಪಿನ ಚಪ್ಪಾಳೆ ಅವರೊಬ್ಬರೇ ಹೊಡೆದರು. ಅವರನ್ನು ನೋಡಿ ಶಾಲಿನವರೂ ಹೊಡೆದರು. ಎರಡು ಮಾತು ಮುಗಿಯುವ ತನಕ ಗೋಣು ಹಾಕಿದರು. ಮತ್ತೆ ಮುಂದಿನವರು. ಮತ್ತೆ ಚಪ್ಪಾಳೆ. ಶಾಲಿನವರಿಗೆ ಅಕ್ಕ ಮಾತು ಕೊಟ್ಟಿದ್ದು ಬರೀ ಶಾಲಲ್ಲ, ಶಾಲು ಹೊದಿಸುವಾಗ ನೋಡುವವರಿರುತ್ತಾರೆ ಎಂದು. ಆ ನೋಡುವವರೆಲ್ಲ ತಾನೇ ಆಗಿ ಕೂತಿದ್ದರು.

ಪರದೆಯ ಹಿಂದೆ ಕ್ಯಾನಿನ ತಾಳ ಶುರುವಾಯಿತು. ಆಮೇಲೆ ದನಿ. ಒಂದು ದನಿ ಎತ್ತಿ ಕೊಡುತ್ತದೆ, ಉಳಿದವು ಹಿಡಿದುಕೊಳ್ಳುತ್ತವೆ. ಮುಂದಕ್ಕೆ ಬರುವಷ್ಟರಲ್ಲಿ ಅದು ಬಟ್ಟೆಯ ಮೂಟೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಯಜಮಾನರು ಬಗ್ಗಿ ಕೇಳಿದರು.

“ಏನ್ಲಾ ಅದು ಹಿಂದ್ಗಡೆ ಸದ್ದು?”

“ಶ್ಯಾವಿಗೆ ಸಾರ್.”

“ಶ್ಯಾವ್ಗೆ ಹಾಡ್ತದಾ?”

“ಒತ್ತುವಾಗ ಸಾರ್. ದೊಡ್ಡ ಒರಳು.”

ಯಜಮಾನರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕೆಳಗೆ ಅಕ್ಕನನ್ನು ನೋಡಿದರು. ಏನು ತಿಳಿಯಿತೋ, “ಮುಂದಿನ್ ಶಾಲು ಕೊಡ್ಲಾ, ಬಿರ್‍ರನೆ” ಅಂದರು. ಅಲ್ಲಿಂದ ಮುಂದೆ ಯಾರಿಗೂ ಎರಡು ಮಾತು ಸಿಗಲಿಲ್ಲ.

ಕೊನೆಯ ಶಾಲು ಬೀಳುವ ಹೊತ್ತಿಗೆ ಹಿಂದೆ ಜೀಪು ಹಾರನ್ ಹೊಡೆಯಿತು. ಕೊನೆಯವರಿಗೂ ಚಪ್ಪಾಳೆ ಪೂರಾ ಹೊಡೆದ ಮೇಲೆಯೇ ಅಕ್ಕ ಎದ್ದದ್ದು. ಎದ್ದವರು ಓಡಿದರು. ನಾನು ವೇದಿಕೆಯಿಂದ ಹಾರಿ ಹಿಂದೆ ಓಡಿದೆ, ಕಾರ್ಡ್‌ಲೆಸ್ ಮೈಕು ಕೈಯಲ್ಲೇ ಇತ್ತು.

ಪರದೆಯಾಚೆ ನಾನು ಕಂಡದ್ದು ಇನ್ನೂ ಕಣ್ಣಲ್ಲಿದೆ. ಜನ ನೆಲದ ಮೇಲೆ ಕೂತಿದ್ದರು, ತಟ್ಟೆಯಲ್ಲಿ ಶ್ಯಾವಿಗೆ ಹಾಗೇ ಇತ್ತು, ಕಾಯಿಹಾಲು ಆರುತ್ತಿತ್ತು, ಯಾರೂ ತಿನ್ನುತ್ತಿರಲಿಲ್ಲ. ಒರಳಿನ ಗಂಡಾಳುಗಳು ನೇತುಬಿದ್ದಲ್ಲೇ ಮರೆತು ನಿಂತಿದ್ದರು. ಹಾಡು ಆಗಷ್ಟೇ ಮುಗಿದಿತ್ತು. ಜಾಜಮ್ಮನವರು ಜೀಪಿನ ಹಿಂಬದಿಯಲ್ಲಿ ಹತ್ತಿ ಕೂತಾಗಿತ್ತು.

“ನೀ ಎಲ್ಲಿದ್ದೆ ಅಕ್ಕ? ಎಲ್ರೂ ಕೇಳುದ್ರು.”

“ಇದ್ದೆ ಕಣವ್ವ, ಮುಂದ್ಗಡೆ.”

“ಮುಂದ್ಗಡೆ ನಾನಿದ್ದೆ. ನೀನಿರ್ನಿಲ್ಲ.”

ಡ್ರೈವರು, “ಗೇಟು, ಗೇಟು” ಎಂದು ಗೇರು ಹಾಕಿದ. ಜೀಪು ಹೊರಟಿತು. ಜಾಜಮ್ಮ ಒಂದು ಕೈಯಲ್ಲಿ ಸರಳು ಹಿಡಿದು, ಅಕ್ಕನ ಕಡೆಗೇ ತಿರುಗಿ, ಮೊದಲಿನಿಂದ ಎತ್ತಿಕೊಂಡರು. ಉಳಿದವರು ಹಿಡಿದುಕೊಂಡರು. ಅಕ್ಕ ಜೀಪಿನ ಹಿಂದೆ ಹೆಜ್ಜೆ ಹಾಕಿದರು, ಹೆಜ್ಜೆ ಓಟವಾಯಿತು, ಓಟ ತಾರುರಸ್ತೆಯ ಅಂಚಿಗೆ ನಿಂತಿತು. ಸೊಂಟದ ಮೇಲೆ ಕೈಯಿಟ್ಟು, ಉಸಿರು ಬಿಡುತ್ತ ಅಂದರು, “ಎರಡ್ನೇ ಸಾಲು ಕೇಳುಸ್ನಿಲ್ಲ. ಬೈಕ್ ತಗಿ.”

“ಅಕ್ಕ, ಅಲ್ಲಿ ವಂದನಾರ್ಪಣೆ...”

“ತಗೀಲಾ ಬೈಕ್ನ.”

ತೆಗೆದೆ. ಯಜಮಾನರಿಗೂ ಶಾಲಿನವರಿಗೂ ವಂದನೆ ಹೇಳುವವರಿಲ್ಲದೆ, ಮೈಕು ನನ್ನ ಜೇಬಿನಲ್ಲಿಟ್ಟುಕೊಂಡು, ಕೋಟೆ ರಸ್ತೆಯಲ್ಲಿ ಜೀಪಿನ ಬೆನ್ನು ಹತ್ತಿದೆವು. ಊರು ದಾಟಿದ ಮೇಲೆ ಸಿಕ್ಕಿತು. ನಾನು ಜೀಪಿನ ಹಿಂಬಾಗಿಲಿಗೆ ಎಷ್ಟು ಹತ್ತಿರ ಹೋಗಬಹುದೋ ಅದಕ್ಕಿಂತ ಹತ್ತಿರ ಹೋದೆ. ಜಾಜಮ್ಮ ನಮ್ಮನ್ನು ನೋಡಿ ದನಿ ಏರಿಸಿದರು. ಅಕ್ಕನ ಗಲ್ಲ ನನ್ನ ಹೆಗಲ ಮೇಲಿತ್ತು. ಎರಡೂ ಕಡೆ ಆಗಷ್ಟೇ ಉತ್ತ ಹೊಲ, ಮುಂದೆ ಆ ಹೆಣ್ಣುಮಕ್ಕಳ ಮುಖ, ಗಾಳಿಗೆ ಹಾಡು ನೇರ ನಮ್ಮ ಮೈಮೇಲೆ ಬೀಳುತ್ತಿತ್ತು.

ಹಾಡು ಮುಗಿಯಿತು. ಅಕ್ಕ ನನ್ನ ಹೆಗಲು ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದರು. ಹಿಂದೆ ತಿರುಗಿ ನೋಡುವುದು ನನ್ನ ಹುಟ್ಟುಗುಣ. ನೋಡಿದೆ. ಬೈಕು ರಸ್ತೆ ಬಿಟ್ಟು ಹೊಲಕ್ಕಿಳಿದು, ಮೆತ್ತಗಿನ ಮಣ್ಣಲ್ಲಿ ಹೂತು, ನಿಧಾನವಾಗಿ ಮಗ್ಗುಲಾಯಿತು. ನಾನು ಒಂದು ಕಡೆ, ಅವರೊಂದು ಕಡೆ.

ನಾನು ಮಣ್ಣು ಉಗುಳಿ ತಲೆಯೆತ್ತಿದಾಗ ಜೀಪು ತಿರುವಿನಲ್ಲಿತ್ತು. ಅಕ್ಕ ಬಿದ್ದಲ್ಲೇ ಕೂತು ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು.